ಬಡಿಸುವವರ ತಟ್ಟೆ

ಥಾಣೆಯ ಮಾಜಿವಾಡಾ ನಾಕಾದಿಂದ ಘೋಡ್‌ಬಂದರ್ ರಸ್ತೆಯುದ್ದಕ್ಕೂ ಎದ್ದಿರುವ ಬಹುಮಹಡಿ ಕಟ್ಟಡಗಳಲ್ಲಿ, ಡೊಂಬಿವಲಿ–ಕಲ್ಯಾಣದ ಹಳೆಯ ಸೊಸೈಟಿಗಳಲ್ಲಿ, ನವಿ ಮುಂಬಯಿಯ ಸೆಕ್ಟರುಗಳಲ್ಲಿ ನೆಲೆಸಿರುವ ಕನ್ನಡ ಮತ್ತು ತುಳು ಕುಟುಂಬಗಳಲ್ಲಿ ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಮಾತು ಬಂದಾಗ ಒಂದು ವಿವರಣೆ ಬಹುಕಾಲದಿಂದ ಚಲಾವಣೆಯಲ್ಲಿದೆ. ಗಂಡಸು ಹೊರಗೆ ದುಡಿಯುತ್ತಾನೆ, ಹೊರಗೇ ತಿನ್ನುತ್ತಾನೆ; ಸ್ಟೇಷನ್ನಿನ ವಡಾಪಾವ್, ಹೋಟೆಲಿನ ಕರಿದ ತಿಂಡಿ, ಸಂಜೆಯ ಬಾರು ಅವನ ಆರೋಗ್ಯವನ್ನು ಕೆಡಿಸುತ್ತವೆ. ಹೆಂಗಸು ಮನೆಯಲ್ಲಿ ಬೇಯಿಸಿದ್ದನ್ನು, ಅದನ್ನೂ ಎಲ್ಲರದಾದ ಮೇಲೆ ಉಳಿದಷ್ಟನ್ನು ಉಣ್ಣುತ್ತಾಳೆ, ವಾರಕ್ಕೊಂದು ಉಪವಾಸವನ್ನೂ ಮಾಡುತ್ತಾಳೆ, ಆದ್ದರಿಂದ ಆಹಾರದ ದೋಷ ಅವಳಿಗೆ ತಗಲುವುದಿಲ್ಲ. ಅಷ್ಟಾಗಿಯೂ ಅವಳ ಮೈ ದಪ್ಪವಾದರೆ ಅಥವಾ ಸಕ್ಕರೆ ಏರಿದರೆ ಹಾರ್ಮೋನು, ಹೆರಿಗೆ, ವಯಸ್ಸು ಇವುಗಳ ಮೇಲೆ ಹೊಣೆ ಬೀಳುತ್ತದೆ. ಹೀಗೆ ಗಂಡಸಿನ ಕಾಯಿಲೆ ಅವನ ನಡತೆಯ ಫಲವೆಂದೂ ಹೆಂಗಸಿನ ಕಾಯಿಲೆ ಅವಳ ದೇಹದ ಸ್ವಭಾವವೆಂದೂ ಬೇರೆ ಬೇರೆ ಖಾತೆಗಳಿಗೆ ಜಮೆಯಾಗುತ್ತವೆ. ಈ ವಿಂಗಡಣೆ ಎಷ್ಟು ಸರಿ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಈ ನಂಬಿಕೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ತುಂಬಿದ ಪುರುಷರಲ್ಲಿ ಸುಮಾರು ಶೇ. 19ರಷ್ಟು ಮಂದಿ ಮದ್ಯ ಸೇವಿಸುತ್ತಾರೆ, ಸ್ತ್ರೀಯರಲ್ಲಿ ಈ ಪ್ರಮಾಣ ಶೇ. 1ರ ಆಸುಪಾಸಿನಲ್ಲಿದೆ, ತಂಬಾಕಿನ ಬಳಕೆ ಕ್ರಮವಾಗಿ ಶೇ. 38 ಮತ್ತು ಶೇ. 9. ಜೇನ್ ವಾರ್ಡ್‌ಲ್ ಮತ್ತು ಸಂಗಡಿಗರು 23 ದೇಶಗಳ ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಕುರಿತು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಹಣ್ಣು ಮತ್ತು ನಾರಿನಂಶ ಹೆಚ್ಚು ತಿನ್ನುವವರು, ಕೊಬ್ಬನ್ನೂ ಉಪ್ಪನ್ನೂ ದೂರವಿಡಲು ಯತ್ನಿಸುವವರು ಸ್ತ್ರೀಯರೇ ಎಂದು ಕಂಡುಬಂದಿತ್ತು. ಆದ್ದರಿಂದ ಹೆಂಗಸರ ಆಹಾರಕ್ರಮ ಗಂಡಸರದಕ್ಕಿಂತ ಮಿತವಾದದ್ದು ಎಂಬ ಮಾತಿಗೆ ಆಧಾರವಿದೆ. ಗೊಂದಲವಿರುವುದು ಆ ಮಾತಿನಿಂದ ಎಳೆಯಲಾಗುವ ತೀರ್ಮಾನದಲ್ಲಿ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದೇಹವು ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸುವ, ಮಿಕ್ಕಿದ್ದನ್ನು ಕೂಡಿಡುವ ಮತ್ತು ಬೇಕಾದಾಗ ಹೊರತೆಗೆಯುವ ಒಟ್ಟು ವ್ಯವಹಾರಕ್ಕೆ ಚಯಾಪಚಯ ಎಂದು ಹೆಸರು. ಅದು ಹದ ತಪ್ಪಿದೆಯೇ ಎಂದು ತಿಳಿಯಲು ವೈದ್ಯಶಾಸ್ತ್ರ ಐದು ಗುರುತುಗಳನ್ನು ಇಟ್ಟುಕೊಂಡಿದೆ: ಹೊಟ್ಟೆಯ ಸುತ್ತಳತೆ, ರಕ್ತದೊತ್ತಡ, ಬರಿಹೊಟ್ಟೆಯಲ್ಲಿನ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಮತ್ತು ‘ಒಳ್ಳೆಯ ಕೊಲೆಸ್ಟರಾಲ್’ ಎಂದು ಜನ ಕರೆಯುವ ಎಚ್‌ಡಿಎಲ್. 2009ರಲ್ಲಿ ಹಲವು ಅಂತರರಾಷ್ಟ್ರೀಯ ಸಂಸ್ಥೆಗಳು ಒಮ್ಮತಕ್ಕೆ ಬಂದ ವ್ಯಾಖ್ಯೆಯಂತೆ ಇವುಗಳಲ್ಲಿ ಮೂರು ಕೆಟ್ಟಿದ್ದರೆ ಅದನ್ನು ಚಯಾಪಚಯ ದೋಷಕೂಟ ಎನ್ನಲಾಗುತ್ತದೆ. ಈ ಐದರಲ್ಲಿ ಎರಡಕ್ಕೆ ಗಂಡು ಹೆಣ್ಣುಗಳಿಗೆ ಪ್ರತ್ಯೇಕ ಗಡಿಗಳಿವೆ: ದಕ್ಷಿಣ ಏಷ್ಯಾದವರಿಗೆ ಹೊಟ್ಟೆಯ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80, ಎಚ್‌ಡಿಎಲ್ ಪುರುಷರಲ್ಲಿ 40 ಮಿಲಿಗ್ರಾಂಗಿಂತ, ಸ್ತ್ರೀಯರಲ್ಲಿ 50 ಮಿಲಿಗ್ರಾಂಗಿಂತ ಕಡಿಮೆಯಿರಬಾರದು. ಎರಡು ದೇಹಗಳು ಒಂದೇ ಅನ್ನಕ್ಕೆ ಬೇರೆ ಬೇರೆ ಲೆಕ್ಕ ಒಪ್ಪಿಸುತ್ತವೆ ಎಂಬ ಅರಿವು ಈ ವ್ಯಾಖ್ಯೆಯಲ್ಲಿಯೇ ಅಡಗಿದೆ.

ಈಗ ಜನಪ್ರಿಯ ವಿವರಣೆಯನ್ನು ಅಂಕಿ ಅಂಶಗಳ ಎದುರು ನಿಲ್ಲಿಸಿ ನೋಡಬಹುದು. ಹೊರಗೆ ತಿನ್ನುವುದೇ ಮುಖ್ಯ ಕಾರಣವಾಗಿದ್ದರೆ ಬೊಜ್ಜಿನಲ್ಲಿ ಗಂಡಸರು ಬಹಳ ಮುಂದಿರಬೇಕಿತ್ತು. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಸ್ತ್ರೀಯರು ಶೇ. 24, ಪುರುಷರು ಶೇ. 23; ವ್ಯತ್ಯಾಸ ಇಲ್ಲವೆನ್ನುವಷ್ಟು. ಹೊಟ್ಟೆಯ ಬೊಜ್ಜನ್ನು ಪ್ರತ್ಯೇಕವಾಗಿ ಎಣಿಸಿದ 2023ರ ಒಂದು ವಿಶ್ಲೇಷಣೆಯಲ್ಲಿ ಸ್ತ್ರೀಯರು ಶೇ. 40, ಪುರುಷರು ಶೇ. 12. ಹಾಗಾದರೆ ಮನೆಯಲ್ಲಿ ಉಣ್ಣುವವರೇ ಹೆಚ್ಚು ಕೆಟ್ಟಿದ್ದಾರೆ ಎಂದು ಮಾತನ್ನು ತಿರುಗಿಸಿ ಹೇಳಬಹುದೇ? ಅದೂ ಅವಸರದ ತೀರ್ಮಾನ. ಆ ಎಣಿಕೆಗೆ ಬಳಸಿದ ಗಡಿ ಪುರುಷರಿಗೆ 94 ಸೆಂಟಿಮೀಟರ್, ಸ್ತ್ರೀಯರಿಗೆ 80. ಎಂದರೆ 92 ಸೆಂಟಿಮೀಟರ್ ಸೊಂಟದ ಗಂಡಸು, ದಕ್ಷಿಣ ಏಷ್ಯಾದ ಅಳತೆಯಲ್ಲಿ ಸ್ಪಷ್ಟವಾಗಿ ಅಪಾಯದಲ್ಲಿರುವವನು, ಅಲ್ಲಿ ಆರೋಗ್ಯವಂತನೆಂದು ದಾಖಲಾಗುತ್ತಾನೆ. ಅಂತರದ ಒಂದಂಶ ಟೇಪಿನ ಗೆರೆ ಎಲ್ಲಿದೆ ಎಂಬುದರಿಂದ ಹುಟ್ಟಿದ್ದು. ಇನ್ನೊಂದು ಕಡೆ, 1 ಲಕ್ಷ 13 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆಯೆಂದು ಹೇಳಿತು. ಹೊಟ್ಟೆಯ ಬೊಜ್ಜು ಹೆಂಗಸರಲ್ಲಿ ಹೆಚ್ಚಿದ್ದರೂ ಮಧುಮೇಹ ಮಾತ್ರ ಗಂಡಸರಲ್ಲಿ ತುಸು ಹೆಚ್ಚು. ಬೊಜ್ಜು ಒಬ್ಬರಿಗೆ, ಸಕ್ಕರೆ ಇನ್ನೊಬ್ಬರಿಗೆ ಎಂಬ ಈ ವಿಚಿತ್ರವನ್ನು ‘ಹೊರಗಿನ ಊಟ, ಮನೆಯ ಊಟ’ ಎಂಬ ಸೂತ್ರ ಬಿಡಿಸಲಾರದು.

ಬಿಡಿಸಬೇಕಾದರೆ ಆ ಸೂತ್ರ ಒಟ್ಟಿಗೆ ಗಂಟುಹಾಕಿರುವ ಮೂರು ಎಳೆಗಳನ್ನು ಬೇರ್ಪಡಿಸಿಕೊಳ್ಳಬೇಕು.

1. ದೇಹ: ಹಾರ್ಮೋನುಗಳ ಕಾರಣದಿಂದ ಗಂಡು ಹೆಣ್ಣುಗಳಲ್ಲಿ ಕೊಬ್ಬು ಎಲ್ಲಿ ಕೂಡುತ್ತದೆ, ಯಾವ ವಯಸ್ಸಿನಲ್ಲಿ ಅಪಾಯ ಆರಂಭವಾಗುತ್ತದೆ ಎಂಬುದು.

2. ಪಾತ್ರ: ಯಾರು ಬೇಯಿಸುತ್ತಾರೆ, ಯಾರು ಬಡಿಸುತ್ತಾರೆ, ಯಾರು ಮೊದಲು ಕೂರುತ್ತಾರೆ, ಯಾರು ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ ಎಂಬುದು.

3. ಆಯ್ಕೆ: ಸಮಯವೂ ಸೌಕರ್ಯವೂ ಇದ್ದಾಗ ಒಬ್ಬ ವ್ಯಕ್ತಿ ತಾನಾಗಿ ಏನನ್ನು ಆರಿಸಿಕೊಳ್ಳುತ್ತಾನೆ ಅಥವಾ ಆರಿಸಿಕೊಳ್ಳುತ್ತಾಳೆ ಎಂಬುದು.

ಪ್ರಚಲಿತ ನಂಬಿಕೆ ಗಂಡಸಿನ ವಿಷಯದಲ್ಲಿ ಎಲ್ಲವನ್ನೂ ಮೂರನೆಯ ಎಳೆಗೆ, ಹೆಂಗಸಿನ ವಿಷಯದಲ್ಲಿ ಎಲ್ಲವನ್ನೂ ಮೊದಲನೆಯ ಎಳೆಗೆ ಕಟ್ಟಿಬಿಡುತ್ತದೆ. ನಡುವಿನದು ಯಾರ ಕಣ್ಣಿಗೂ ಬೀಳುವುದಿಲ್ಲ.

ದೇಹದ ಎಳೆಯಲ್ಲಿ ನಿಜಾಂಶವಿದೆ. ಋತುಚಕ್ರ ನಡೆಯುತ್ತಿರುವ ವಯಸ್ಸಿನಲ್ಲಿ ಈಸ್ಟ್ರೋಜನ್ ಹಾರ್ಮೋನು ಹೆಣ್ಣಿನ ಕೊಬ್ಬನ್ನು ತೊಡೆ ಮತ್ತು ನಿತಂಬಗಳಲ್ಲಿ, ಚರ್ಮದ ಅಡಿಯಲ್ಲಿ ಕೂಡಿಡುತ್ತದೆ; ಗಂಡಸಿನಲ್ಲಿ ಅದು ಬೇಗನೆ ಹೊಟ್ಟೆಯ ಒಳಗೆ, ಕರುಳಿನ ಸುತ್ತ ಸೇರುತ್ತದೆ. ಕರುಳಿನ ಸುತ್ತಲಿನ ಕೊಬ್ಬಿನಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತವೆ, ಅಲ್ಲಿ ಕೊಬ್ಬು ತುಂಬಿದಂತೆ ಇನ್ಸುಲಿನ್ನಿನ ಆಜ್ಞೆಗೆ ಯಕೃತ್ತು ಕಿವಿಗೊಡುವುದು ಕಡಿಮೆಯಾಗುತ್ತದೆ, ಅದು ಬೇಡದ ಹೊತ್ತಿನಲ್ಲಿಯೂ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ ಮತ್ತು ಟ್ರೈಗ್ಲಿಸರೈಡನ್ನು ಹೆಚ್ಚಿಸುತ್ತದೆ. ಕಡಿಮೆ ಬೊಜ್ಜಿಗೇ ಗಂಡಸಿಗೆ ಮಧುಮೇಹ ಬರುವುದರ ಗುಟ್ಟು ಬಹುಮಟ್ಟಿಗೆ ಇದು. ಆದರೆ ಹೆಣ್ಣಿಗೆ ದೊರೆತ ಈ ರಕ್ಷಣೆ ಅವಧಿಯುಳ್ಳದ್ದು. ಮುಟ್ಟು ನಿಂತ ಮೇಲೆ, ಭಾರತೀಯ ಸ್ತ್ರೀಯರಲ್ಲಿ ಸರಾಸರಿ 46–47ರ ವಯಸ್ಸಿನಲ್ಲಿ, ಕೊಬ್ಬು ಹೊಟ್ಟೆಯತ್ತ ಸರಿಯುತ್ತದೆ. ಅಷ್ಟೇ ಅಲ್ಲ, ಮಧುಮೇಹ ಒಮ್ಮೆ ಬಂದ ಮೇಲೆ ಅದು ಹೆಣ್ಣಿನ ಹೃದಯಕ್ಕೆ ಹೆಚ್ಚು ನಿಷ್ಠುರ: 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2014ರ ಒಂದು ವಿಶ್ಲೇಷಣೆಯ ಪ್ರಕಾರ ಮಧುಮೇಹದಿಂದ ಹೃದ್ರೋಗದ ಅಪಾಯ ಏರುವ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಶೇ. 44ರಷ್ಟು ಹೆಚ್ಚು. ಹಾರ್ಮೋನು ಎಂಬ ಉತ್ತರ ಅಪಾಯ ಯಾವಾಗ ಬರುತ್ತದೆ ಎಂಬುದನ್ನು ತಿಳಿಸುತ್ತದೆ. ಆ ಅಪಾಯವನ್ನು ವರ್ಷಗಟ್ಟಲೆ ಕೂಡಿಹಾಕಿದ್ದು ಯಾವುದು ಎಂಬುದನ್ನು ತಿಳಿಸುವುದಿಲ್ಲ.

ಇದರ ಜೊತೆಗೆ ಭಾರತೀಯ ದೇಹಕ್ಕೆ ಸಾಮಾನ್ಯವಾದ ಇನ್ನೊಂದು ಸಂಗತಿಯೂ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರವನ್ನು ಅಕ್ಕಪಕ್ಕ ಪ್ರಕಟಿಸಿದರು: ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ತೆಳ್ಳಗೆ ಕಾಣುವ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬ ಈ ಲಕ್ಷಣ ‘ಕಡಿಮೆ ಉಣ್ಣುವವಳಿಗೆ ಭಯವಿಲ್ಲ’ ಎಂಬ ಮಾತಿನ ಬುಡವನ್ನೇ ಅಲುಗಿಸುತ್ತದೆ. ಊಟದ ನಂತರ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ಮುಖ್ಯ ಅಂಗ ಸ್ನಾಯು. ಕಡಿಮೆ ಉಂಡದ್ದರಲ್ಲಿ ಪ್ರೋಟೀನೂ ಕಡಿಮೆಯಾಗಿದ್ದರೆ ಸ್ನಾಯು ಕ್ಷೀಣಿಸುತ್ತದೆ, ಆಗ ಅಷ್ಟೇ ಅನ್ನಕ್ಕೆ ಸಕ್ಕರೆ ಹೆಚ್ಚು ಏರುತ್ತದೆ. ಮಿತಾಹಾರ ಮತ್ತು ಅಪೂರ್ಣಾಹಾರಗಳು ತೂಕದ ಯಂತ್ರದ ಮೇಲೆ ಒಂದೇ ರೀತಿ ಕಾಣಬಹುದು, ರಕ್ತದಲ್ಲಿ ಅಲ್ಲ.

ಇಲ್ಲಿಗೆ ‘ಮನೆಯೂಟ’ ಎಂಬ ಭರವಸೆಯನ್ನು ಒಡೆದು ನೋಡುವ ಅಗತ್ಯ ಬರುತ್ತದೆ. ಮೇಲೆ ಹೇಳಿದ ಮಧುಮೇಹ ಸಮೀಕ್ಷೆಯ ಆಹಾರ ವಿಭಾಗ 2025ರಲ್ಲಿ ಪ್ರಕಟವಾದಾಗ ಭಾರತೀಯರ ಒಟ್ಟು ಕ್ಯಾಲೊರಿಯಲ್ಲಿ ಸುಮಾರು ಶೇ. 62 ಶರ್ಕರಪಿಷ್ಟದಿಂದ, ಎಂದರೆ ಅನ್ನ, ಗೋಧಿ, ಸಕ್ಕರೆಗಳಂಥವುಗಳಿಂದ ಬರುತ್ತದೆಂದು ತಿಳಿದುಬಂತು. ಇದು ಹೋಟೆಲಿನ ಲೆಕ್ಕವಲ್ಲ, ಬಹುಪಾಲು ಮನೆಯ ಒಲೆಯ ಲೆಕ್ಕ. ಥಾಣೆಯ ಕನ್ನಡ ಮನೆಗಳಲ್ಲಿ ಕರಾವಳಿಯ ಕುಚ್ಚಲಕ್ಕಿಯ ಜಾಗಕ್ಕೆ ವಾಡಾ ಕೋಲಮಿನಂಥ ಬೆಳ್ತಿಗೆ ಅಕ್ಕಿಯೂ ಉತ್ತರ ಕರ್ನಾಟಕದವರ ಜೋಳದ ರೊಟ್ಟಿಯ ಜಾಗಕ್ಕೆ ಗೋಧಿಯ ಪೋಳಿಯೂ ಬಂದಿರುವುದು ಸಾಮಾನ್ಯ. ಬೆಳಗಿನ ಇಡ್ಲಿ ದೋಸೆ, ಮಧ್ಯಾಹ್ನದ ಅನ್ನ ಸಾರು, ಸಂಜೆಯ ಚಹಾದೊಡನೆ ಖಾರಿ ಬಿಸ್ಕಿಟು, ರಾತ್ರಿಯ ಪೋಳಿ ಎಲ್ಲವೂ ಪಿಷ್ಟದ ಒಂದೇ ಮನೆತನದವು. 30 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದೆ, ಆದರೆ ಅಷ್ಟೇ ಬೇಳೆಯನ್ನು ನಾಲ್ವರಿಗೆ ಸಾರಾಗಿ ಹಿಗ್ಗಿಸಿದಾಗ ಒಬ್ಬರ ಪಾಲಿಗೆ ಎರಡು ಗ್ರಾಂ ಬರುವುದೂ ಕಷ್ಟ. ಸಾರಿನ ತಿಳಿ ಮೊದಲು ಬಡಿಸಿಕೊಂಡವರಿಗೂ ಗಷ್ಟು ಕೊನೆಯವರಿಗೂ ಹೋಗಿದ್ದರೆ ಕೊನೆಯವರಿಗೆ ಲಾಭವೇ ಆಗುತ್ತಿತ್ತು. ಸೌಟು ತಳದವರೆಗೆ ಹೋಗುವುದು ಯಾರಿಗಾಗಿ ಎಂಬುದು ಬಡಿಸುವ ಎಲ್ಲರಿಗೂ ಗೊತ್ತು. ಮೀನು, ಮೊಟ್ಟೆ, ಗಟ್ಟಿ ಮೊಸರುಗಳ ಗತಿಯೂ ಇದೇ.

ಉಪವಾಸದ ವಿಷಯ ಇನ್ನೂ ಸ್ವಾರಸ್ಯಕರವಾದದ್ದು. ಊಟದ ಅವಧಿಯನ್ನು ಕಿರಿದಾಗಿಸಿ ಕ್ಯಾಲೊರಿಯನ್ನು ತಗ್ಗಿಸುವ ಉಪವಾಸದಿಂದ ತೂಕ ಇಳಿಯಬಹುದು. ಆದರೆ ಮಹಾರಾಷ್ಟ್ರಕ್ಕೆ ಬಂದು ನೆಲೆಸಿದ ಕನ್ನಡ ಮನೆಗಳು ಸಂಕಷ್ಟಿ, ಏಕಾದಶಿ, ಶ್ರಾವಣ ಸೋಮವಾರಗಳಿಗೆ ನೆರೆಹೊರೆಯಿಂದ ಕಲಿತುಕೊಂಡ ಉಪವಾಸದ ತಿಂಡಿ ಸಾಬುದಾಣಾ ಖಿಚಡಿ. ಸಾಬಕ್ಕಿ ಎಂದರೆ ಮರಗೆಣಸಿನ ಪಿಷ್ಟ. ಒಣಗಿದ 100 ಗ್ರಾಮಿನಲ್ಲಿ ಸುಮಾರು 350 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ಅದನ್ನು ನೆನೆಸಿ, ತುಪ್ಪದಲ್ಲಿ ಜೀರಿಗೆ ಹಸಿಮೆಣಸು ಹಾಕಿ, ಬಟಾಟೆಯ ತುಂಡುಗಳೊಂದಿಗೆ ಹುರಿದಾಗ ಪಿಷ್ಟದೊಡನೆ ಪಿಷ್ಟವೂ ಅದರ ಮೇಲೆ ತುಪ್ಪವೂ ಕೂಡುತ್ತವೆ. ಆ ತಟ್ಟೆಯ ಮಾನ ಉಳಿಸುವುದು ಕುಟ್ಟಿಹಾಕಿದ ಶೇಂಗಾ ಒಂದೇ. ಬಟಾಟೆಯ ವಡೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದು ಮೈದಾದ ಪಾವಿನ ನಡುವೆ ಇಟ್ಟು ಕೊಡುವ ವಡಾಪಾವನ್ನು ಗಂಡಸಿನ ದುರಭ್ಯಾಸವೆಂದೂ ಈ ಖಿಚಡಿಯನ್ನು ಹೆಂಗಸಿನ ಸಂಯಮವೆಂದೂ ಕರೆಯುವುದಕ್ಕೆ ಧಾರ್ಮಿಕ ಕಾರಣಗಳಿರಬಹುದು, ಚಯಾಪಚಯದ ಕಾರಣ ಯಾವುದೂ ಇಲ್ಲ.

ಎರಡನೆಯ ಎಳೆಯಾದ ಪಾತ್ರದ ಬಲವನ್ನು ತಿಳಿಯಲು ಮುಂಬಯಿ ಕನ್ನಡಿಗರ ಚರಿತ್ರೆಯೇ ಒಂದು ಪ್ರಯೋಗವನ್ನು ಒದಗಿಸಿದೆ. ಉಡುಪಿ, ದಕ್ಷಿಣ ಕನ್ನಡಗಳಿಂದ ಒಂಟಿಯಾಗಿ ಬಂದ ಗಂಡಸರು ಈ ನಗರದ ಹೋಟೆಲ್ ಉದ್ಯಮವನ್ನು ಕಟ್ಟಿದರು, ಮಾಟುಂಗದಲ್ಲಿ ಎ. ರಾಮ ನಾಯಕ್ 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಊಟದ ಮನೆಗಳ ಪರಂಪರೆ ಮುಂದೆ ಥಾಣೆ, ಡೊಂಬಿವಲಿ, ಕಲ್ಯಾಣ, ವಾಶಿಗಳವರೆಗೂ ಹಬ್ಬಿತು. ಆ ಹೋಟೆಲುಗಳಲ್ಲಿ ಅಡುಗೆ ಭಟ್ಟರು, ಸಪ್ಲಾಯರ್, ಕ್ಲೀನರ್ ಎಲ್ಲರೂ ಗಂಡಸರೇ. ಅವರ ದಿನಚರಿಯನ್ನು ನೋಡಿದರೆ ಮಧ್ಯಾಹ್ನದ ಊಟ ಗಿರಾಕಿಗಳ ನೂಕು ಕರಗಿದ ಮೇಲೆ ಮೂರೂವರೆ ನಾಲ್ಕಕ್ಕೆ, ರಾತ್ರಿಯ ಊಟ ಶಟರ್ ಇಳಿದ ಮೇಲೆ. ತಟ್ಟೆಯಲ್ಲಿ ಅನ್ನ ಹೆಚ್ಚು, ಪಲ್ಯ ಉಳಿದಿದ್ದರೆ ಉಂಟು. ನಡುವೆ ಹಸಿವನ್ನು ಅಡಗಿಸಲು ಸಕ್ಕರೆ ಹಾಕಿದ ಚಹಾ, ರುಚಿ ನೋಡುವ ನೆಪದಲ್ಲಿ ಬಾಯಿಗೆ ಬಿದ್ದ ಚೂರುಪಾರು. ಇದು ಅಕ್ಷರಶಃ ಮನೆಯ ಗೃಹಿಣಿಯ ಆಹಾರಕ್ರಮ. ಬಡಿಸುವವರು ಕೊನೆಗೆ ಉಣ್ಣುವುದು, ಹೊತ್ತು ಮೀರಿ ಉಣ್ಣುವುದು, ಉಳಿದದ್ದನ್ನು ಉಣ್ಣುವುದು ಹೆಣ್ಣಿನ ಸ್ವಭಾವವಾಗಿದ್ದರೆ ಈ ಗಂಡಸರಲ್ಲಿ ಅದು ಕಾಣಬಾರದಿತ್ತು. ಅದು ಬಡಿಸುವ ಕೆಲಸದ ಲಕ್ಷಣ. ಮನೆಯಲ್ಲಿ ಆ ಕೆಲಸ ಹೆಣ್ಣಿಗೆ ಬಿದ್ದಿರುವುದರಿಂದ ಅದು ಹೆಣ್ಣಿನ ಆಹಾರವೆಂದು ತೋರುತ್ತದೆ. ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಇಡೀ ದಿನ ಕೂರುವವರ ಕಾಯಿಲೆಯ ದಾರಿ ಬೇರೆ: ಅವರಿಗೆ ಊಟ ಬೇಕಾದಾಗ ಬರುತ್ತದೆ, ನಡಿಗೆ ಮಾತ್ರ ಬರುವುದಿಲ್ಲ.

ಗಂಡಸಿನ ‘ಆಯ್ಕೆ’ಯನ್ನೂ ಇದೇ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಡೊಂಬಿವಲಿಯಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಲೋಕಲ್ ಗಾಡಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತು ಹೋಗಿಬರುವವನು ಸಂಜೆ ಆರಕ್ಕೆ ಹಸಿದಿರುತ್ತಾನೆ, ಮನೆ ಸೇರುವುದು ಎಂಟೂವರೆಗೆ, ಉಣ್ಣುವುದು ಹತ್ತಕ್ಕೆ. ದೇಹವು ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಬೆಳಗಿಗಿಂತ ರಾತ್ರಿ ಕಡಿಮೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಸಿದ್ಧವಾಗಿದೆ. ಅದೇ ಅನ್ನವನ್ನು ಅದೇ ವ್ಯಕ್ತಿ ರಾತ್ರಿ ಉಂಡಾಗ ಸಕ್ಕರೆ ಹೆಚ್ಚು ಏರುತ್ತದೆ. ದಿನದ ಅತಿ ದೊಡ್ಡ ಊಟವನ್ನು ದೇಹ ಅತಿ ಕಡಿಮೆ ಸಿದ್ಧವಾಗಿರುವ ಹೊತ್ತಿನಲ್ಲಿ ಮಾಡಿ ಹಾಸಿಗೆ ಸೇರುವ ಈ ಪದ್ಧತಿಯನ್ನು ನಾಲಗೆಯ ಚಪಲ ಎನ್ನುವುದು ಅನ್ಯಾಯ. ಮದ್ಯವನ್ನು ಮಾತ್ರ ಈ ರಿಯಾಯಿತಿಯಿಂದ ಹೊರಗಿಡಬೇಕು. ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಅದರ ಪಾತ್ರ ನಿರ್ವಿವಾದ, ಮತ್ತು ಅದನ್ನು ಯಾವ ರೈಲ್ವೆ ವೇಳಾಪಟ್ಟಿಯೂ ಹೇರಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು, ಈ ಚಿತ್ರ ಹಳೆಯದಾಯಿತು ಎಂಬುದು. ಮಾಜಿವಾಡಾದ ಹೊಸ ಕಟ್ಟಡಗಳಲ್ಲಿ ಇಬ್ಬರೂ ದುಡಿಯುತ್ತಾರೆ, ಪೋಳಿ–ಭಾಜಿ ಕೇಂದ್ರದಿಂದ ಪೋಳಿ ತರುತ್ತಾರೆ, ಮೊಬೈಲಿನಲ್ಲಿ ಊಟ ತರಿಸುತ್ತಾರೆ, ಒಟ್ಟಿಗೆ ಕೂತು ಉಣ್ಣುತ್ತಾರೆ ಎಂದು ಹೇಳಲಾಗುತ್ತದೆ. ಬದಲಾವಣೆ ಇದೆ, ಆದರೆ ಅದರ ಗಾತ್ರವನ್ನು ಉತ್ಪ್ರೇಕ್ಷಿಸಬಾರದು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನಕ್ಕೆ 289 ನಿಮಿಷ, ಪುರುಷರು 88 ನಿಮಿಷ ಅದಕ್ಕೆ ಕೊಡುತ್ತಾರೆ. 2019ರಲ್ಲಿ ಇದು 299 ಮತ್ತು 97 ಆಗಿತ್ತು. ಹೆಂಗಸಿಗೆ ಹತ್ತು ನಿಮಿಷ ಉಳಿಯಿತು, ಆದರೆ ಅದು ಗಂಡಸು ಹಂಚಿಕೊಂಡಿದ್ದರಿಂದಲ್ಲ, ಅವನ ಪಾಲೂ ಒಂಬತ್ತು ನಿಮಿಷ ಇಳಿದಿದೆ. ದುಡಿಯುವ ಹೆಂಗಸಿಗೆ ಗಂಡಸಿನ ಪ್ರಯಾಣವೂ ಗೃಹಿಣಿಯ ಅಡುಗೆಮನೆಯೂ ಒಟ್ಟಿಗೆ ಬಂದಿವೆ. ವ್ಯಾಯಾಮಕ್ಕೂ ನಿದ್ದೆಗೂ ಉಳಿಯಬೇಕಾದ ಹೊತ್ತು ಅಲ್ಲಿ ಖರ್ಚಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ವಂಶವಾಹಿ ಮತ್ತು ಹಾರ್ಮೋನುಗಳ ಬಲ ಅಷ್ಟಿರುವಾಗ ತಟ್ಟೆಯನ್ನು ತಿದ್ದಿ ಪ್ರಯೋಜನವೇನು? ಇದಕ್ಕೆ ಚೆನ್ನೈಯ ಅಂಬಾಡಿ ರಾಮಚಂದ್ರನ್ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಮಧುಮೇಹ ತಡೆ ಪ್ರಯೋಗ ಉತ್ತರ ಕೊಟ್ಟಿದೆ. ಮಧುಮೇಹದ ಹೊಸ್ತಿಲಲ್ಲಿದ್ದವರಲ್ಲಿ ಸಾಮಾನ್ಯ ಸಲಹೆ ಪಡೆದವರ ಪೈಕಿ ಮೂರು ವರ್ಷಗಳಲ್ಲಿ ಶೇ. 55 ಮಂದಿ ರೋಗಿಗಳಾದರೆ, ಆಹಾರ ಮತ್ತು ನಡಿಗೆಯನ್ನು ತಿದ್ದಿಕೊಂಡವರಲ್ಲಿ ಶೇ. 39; ಔಷಧಿ ಸೇವಿಸಿದವರ ಫಲಿತಾಂಶವೂ ಇದಕ್ಕಿಂತ ಮೇಲೇನಿರಲಿಲ್ಲ. ತಟ್ಟೆಗೆ ಬಲವಿದೆ ಎಂಬುದು ಇದರಿಂದ ಖಚಿತ. ಆದರೆ ಇದೇ ಪ್ರಯೋಗದಲ್ಲಿ ಇನ್ನೊಂದು ಅಂಕಿಯೂ ಇದೆ: ಭಾಗವಹಿಸಿದ 531 ಮಂದಿಯಲ್ಲಿ ಗಂಡಸರು 421, ಹೆಂಗಸರು 110. ತನಗಾಗಿ ಇನ್ನೊಬ್ಬರು ಅಡುಗೆ ತಿದ್ದಿಕೊಡುವ ಗಂಡಸಿಗೆ ಹೇಳಿದ ಆಹಾರ ಸಲಹೆ, ನಾಲ್ವರಿಗೆ ಬೇಯಿಸಿ ತನಗೊಂದು ಪ್ರತ್ಯೇಕ ತಟ್ಟೆ ಮಾಡಿಕೊಳ್ಳಬೇಕಾದ ಹೆಂಗಸಿನ ವಿಷಯದಲ್ಲಿ ಅಷ್ಟೇ ಸುಲಭವಾಗಿ ನಡೆಯುತ್ತದೆಂದು ಭಾವಿಸಲು ಆಧಾರವಿಲ್ಲ. ‘ಎಣ್ಣೆ ಕಡಿಮೆ ಮಾಡಿ, ಅನ್ನ ಕಡಿಮೆ ಮಾಡಿ’ ಎಂಬ ವೈದ್ಯರ ಮಾತು ಗಂಡಸಿನ ಚೀಟಿಯಲ್ಲಿ ಬರೆದರೂ ಪಾಲಿಸುವ ಹೊಣೆ ಹೆಂಡತಿಯದಾಗುತ್ತದೆ. ಹೆಂಗಸಿನ ಚೀಟಿಯಲ್ಲಿ ಬರೆದಾಗ ಅದನ್ನು ಪಾಲಿಸಲು ಮನೆಯಲ್ಲಿ ಇನ್ನೊಬ್ಬರಿಲ್ಲ.

ಈ ವಿಚಾರದಿಂದ ಆಚರಣೆಗೆ ಬರುವ ಸೂಚನೆಗಳು ದೊಡ್ಡವಲ್ಲ. ಮಧುಮೇಹ ಸಮೀಕ್ಷೆಯ ಲೆಕ್ಕದಂತೆ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ. 5ರಷ್ಟನ್ನು ಶರ್ಕರಪಿಷ್ಟದಿಂದ ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿಗೆ ಬದಲಿಸಿದರೂ ಅಪಾಯ ಇಳಿಯುವ ಸೂಚನೆಯಿದೆ. ಇದಕ್ಕೆ ಪಾತ್ರೆಯನ್ನಲ್ಲ, ಪ್ರತಿಯೊಬ್ಬರ ತಟ್ಟೆಯನ್ನು ಎಣಿಸಬೇಕು. ತಪಾಸಣೆಯ ಪದ್ಧತಿಯೂ ಬದಲಾಗಬೇಕು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಕೆಂಪು ರಕ್ತಕಣಗಳನ್ನು ಅವಲಂಬಿಸಿದ್ದು, ಕಬ್ಬಿಣದ ಕೊರತೆಯಿರುವವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಬಹುದು. 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 57 ಮಂದಿಗೂ ಅದೇ ವಯಸ್ಸಿನ ಪುರುಷರಲ್ಲಿ ಶೇ. 25 ಮಂದಿಗೂ ರಕ್ತಹೀನತೆಯಿರುವ ದೇಶದಲ್ಲಿ ಒಂದೇ ಪರೀಕ್ಷೆಯ ಒಂದೇ ಅಂಕಿ ಇಬ್ಬರಿಗೂ ಒಂದೇ ಅರ್ಥ ಕೊಡುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಗರ್ಭಕಾಲದಲ್ಲಿ ಮಾತ್ರ ಸಕ್ಕರೆ ಏರಿದ್ದ ತಾಯಂದಿರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಐದೇ ವರ್ಷಗಳಲ್ಲಿ ಮಧುಮೇಹಿಗಳಾಗಿದ್ದರು. ಹೆರಿಗೆಯಾದ ಮೇಲೆ ಸಕ್ಕರೆ ಇಳಿಯಿತೆಂದು ಕಡತ ಮುಚ್ಚುವುದು ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳೂ ಜಾತಿ ಸಂಘಟನೆಗಳೂ ಆರೋಗ್ಯ ತಪಾಸಣಾ ಶಿಬಿರಗಳನ್ನು ಏರ್ಪಡಿಸುತ್ತವೆ; ಅಲ್ಲಿ ಸಾಮಾನ್ಯವಾಗಿ ತೂಕ, ರಕ್ತದೊತ್ತಡ, ಬೆರಳ ತುದಿಯ ಸಕ್ಕರೆ ನೋಡಿ ಕಳಿಸಲಾಗುತ್ತದೆ. ಆ ಶಿಬಿರಗಳಿಗೆ ಅಳತೆಯ ಟೇಪನ್ನು ತರಬೇಕು, ಗಂಡಸಿಗೆ 90 ಮತ್ತು ಹೆಂಗಸಿಗೆ 80 ಎಂಬ ಗೆರೆಯನ್ನು ಅದರ ಮೇಲೆಯೇ ಗುರುತು ಮಾಡಬೇಕು, ಮತ್ತು ನೋಂದಣಿ ಚೀಟಿಗೆ ಮೂರು ಪ್ರಶ್ನೆಗಳನ್ನು ಸೇರಿಸಬೇಕು: ರಾತ್ರಿಯ ಊಟ ಎಷ್ಟು ಗಂಟೆಗೆ, ಮನೆಯಲ್ಲಿ ಅಥವಾ ಕೆಲಸದಲ್ಲಿ ಬಡಿಸುವವರು ಯಾರು, ಬಸಿರಿನಲ್ಲಿ ಸಕ್ಕರೆ ಏರಿತ್ತೇ. ಹೋಟೆಲುಗಳಿಗೆ ಸೋಮವಾರವೋ ಮಂಗಳವಾರವೋ ಮಧ್ಯಾಹ್ನದ ಬಿಡುವಿನಲ್ಲಿ ಶಿಬಿರವೇ ಹೋಗಬೇಕು, ಏಕೆಂದರೆ ಭಾನುವಾರ ಬೆಳಗ್ಗೆ ಸಂಘದ ಸಭಾಂಗಣಕ್ಕೆ ಬರಲು ಅಲ್ಲಿನ ಕೆಲಸಗಾರರಿಗೆ ರಜೆ ಸಿಗುವುದಿಲ್ಲ.